ಕ್ಯಾಮೆರಾ ಎಲ್ಲಿ ನಿಂತಿದೆ? ಟಿ.ವಿ. ನೋಡುವ, ಪೇಪರ್ ಓದುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ಒಂದು ಪದವಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಮಾಡುತ್ತೇನೆ. ತರಗತಿಯಲ್ಲಿ ಮಕ್ಕಳು ಕೇಳುವ ಪ್ರಶ್ನೆ, ಊರಿನಲ್ಲಿ ಅವರ ಅಪ್ಪ ಅಮ್ಮ ಕೇಳುವ ಪ್ರಶ್ನೆ, ಸಂಜೆ ಗ್ರಂಥಾಲಯದಲ್ಲಿ ಪೇಪರ್ ತಿರುವಿಹಾಕುತ್ತ ಕೂತ ಹಿರಿಯರು ಕೇಳುವ ಪ್ರಶ್ನೆ, ಮೂರೂ ಹೆಚ್ಚು ಕಡಿಮೆ ಒಂದೇ. ವರ್ಷವರ್ಷವೂ ಬಾಯಲ್ಲಿ ಹೇಳುತ್ತ ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಉದಾಹರಣೆಗಳು ಆದಷ್ಟೂ ನಮ್ಮ ಜಿಲ್ಲೆಯವೇ. ದೂರದೇಶದ ಉದಾಹರಣೆಯನ್ನು ಮಕ್ಕಳು ಪರೀಕ್ಷೆಯಲ್ಲಿ ಬರೆದು ಮರೆಯುತ್ತಾರೆ, ಟೊಮೆಟೊ ಮಂಡಿಯ ಉದಾಹರಣೆಯನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾರೆ.

ಸುದ್ದಿ ಎಂದರೆ ನಡೆದದ್ದನ್ನು ಹೇಳುವುದು. ಅದರಲ್ಲಿ 'ಅರ್ಥ ಕಟ್ಟುವುದು' ಎಲ್ಲಿಂದ ಬಂತು?

2023ರ ಜುಲೈ ನೆನಪು ಮಾಡಿಕೊಳ್ಳಿ. ಕೋಲಾರ ಎಪಿಎಂಸಿ ಯಾರ್ಡಿನ ಹರಾಜಿನಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತು. ಅಂಗಡಿಯಲ್ಲಿ ಕಿಲೋಗೆ 100 ರೂಪಾಯಿ ಮೀರಿತು. ಇಷ್ಟು ನಡೆದದ್ದು, ಇದರಲ್ಲಿ ಯಾರದೂ ತಕರಾರಿಲ್ಲ.

ಈಗ ಆ ದಿನಗಳ ಸುದ್ದಿಯ ಧಾಟಿ ನೆನಪಿಸಿಕೊಳ್ಳಿ. ಒಂದು ಕಡೆ ಗೃಹಿಣಿಯರು ಕಂಗಾಲು, ಜನಸಾಮಾನ್ಯರ ಜೇಬಿಗೆ ಕತ್ತರಿ. ಇನ್ನೊಂದು ಕಡೆ ಟೊಮೆಟೊ ಬೆಳೆದವನಿಗೆ ಬಂಪರ್, ರಾತ್ರೋರಾತ್ರಿ ಲಕ್ಷಾಧೀಶ. ಬೆಲೆ ಒಂದೇ. ಮೊದಲನೆಯದನ್ನು ಹೇಳುವವರು ಬೆಂಗಳೂರಿನ ತರಕಾರಿ ಅಂಗಡಿಯ ಮುಂದೆ ಚೀಲ ಹಿಡಿದು ನಿಂತಿದ್ದಾರೆ. ಎರಡನೆಯದನ್ನು ಹೇಳುವವರು ಮಂಡಿಯಲ್ಲಿ ಆ ದಿನದ ಅತಿ ದುಬಾರಿ ಬಾಕ್ಸಿನ ಪಕ್ಕ ನಿಂತಿದ್ದಾರೆ. ಆ ಬೇಸಿಗೆಯಲ್ಲಿ ಬಿಳಿನೊಣ, ಎಲೆ ಮುದುರು ರೋಗ ಹೊಡೆದು ತೋಟಗಳು ಸೊರಗಿದ್ದವು. ಕೀಳಲು ಕಾಯಿಯೇ ಇಲ್ಲದ ತೋಟದಲ್ಲಿ ನಿಂತು ಹೇಳಿದ್ದರೆ ಅದೇ ಬೆಲೆ ಮೂರನೆಯ ಕತೆಯಾಗುತ್ತಿತ್ತು: ರೇಟು ಬಂದಾಗ ಮಾಲಿಲ್ಲ.

ಬೆಲೆ ಎನ್ನುವ ಸಂಗತಿಗೆ ತಾನಾಗಿ ಸಂತೋಷವೂ ಇಲ್ಲ, ಸಂಕಟವೂ ಇಲ್ಲ. ಯಾರನ್ನು ವಾಕ್ಯದ ಮೊದಲಿಗೆ ಕೂರಿಸುತ್ತೀರಿ ಎನ್ನುವುದರ ಮೇಲೆ ಅದು ಬರುತ್ತದೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1974ರಲ್ಲಿ ಇಂಥದ್ದಕ್ಕೆ 'ಫ್ರೇಮ್' ಎಂಬ ಮಾತು ಬಳಸಿದರು. ನಾವು ಚೌಕಟ್ಟು ಎನ್ನುತ್ತೇವೆ. ನನ್ನ ತರಗತಿಯಲ್ಲಿ ಅದಕ್ಕೆ ಇನ್ನೂ ಸರಳ ಪ್ರಶ್ನೆಯಿದೆ: ಕ್ಯಾಮೆರಾ ಎಲ್ಲಿ ನಿಂತಿದೆ?

ಹಾಗಾದರೆ ಮಾಧ್ಯಮದವರು ಸುಳ್ಳು ಹೇಳುತ್ತಾರೆ ಅಂತಲೇ?

ಇಲ್ಲ. ಈ ಪ್ರಶ್ನೆಗೆ ನಮ್ಮ ಸೋದರಮಾವನ ಕತೆಯನ್ನೇ ಹೇಳಬೇಕು.

ಮಾವ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಟೊಮೆಟೊ ಬೆಳೆಯುತ್ತಾರೆ. ಕೆಲವು ವರ್ಷಗಳ ಹಿಂದೆ ಒಂದು ಸೀಸನ್ನಿನಲ್ಲಿ ರೇಟು ನೆಲ ಕಚ್ಚಿತು. ಕೀಳುವ ಕೂಲಿ, ಗಾಡಿ ಬಾಡಿಗೆ ಕೂಡ ಹುಟ್ಟುತ್ತಿರಲಿಲ್ಲ. ಮಂಡಿಗೆ ಒಯ್ದ 40 ಬಾಕ್ಸು ವಾಪಸ್ ತಂದು, ಊರ ಹೊರಗೆ ರಸ್ತೆ ಪಕ್ಕ ಸುರಿಯುತ್ತಿದ್ದರು. ಅರ್ಧ ಸುರಿದಾಗಿತ್ತು. ಅಷ್ಟರಲ್ಲಿ ಒಂದು ಚಾನೆಲ್ಲಿನ ವರದಿಗಾರ ಬೈಕಿನಲ್ಲಿ ಬಂದ. ಅವನೇ ಕ್ಯಾಮೆರಾಮನ್ನೂ ಹೌದು. ಎರಡು ನಿಮಿಷ ನೋಡಿ, "ಅಣ್ಣಾ, ಇನ್ನೊಂದ್ಸಲ ಸುರೀರಿ, ಈ ಕಡೆಯಿಂದ. ಮುಖ ಕಾಣ್ಲಿ. ಟವಲ್ ಹೆಗಲ ಮೇಲೆ ಹಾಕ್ಕೊಳ್ಳಿ" ಅಂದ. ಮಾವ ಟವಲ್ ಹಾಕಿಕೊಂಡು ಇನ್ನೊಂದು ಬಾಕ್ಸು ಎತ್ತಿ ಸುರಿದರು. ಆಮೇಲೆ ಹತ್ತು ನಿಮಿಷ ಮಾತಾಡಿದರು. ಸಸಿಗೆ ಎಷ್ಟು ಕೊಟ್ಟೆ, ಔಷಧಿಗೆ ಎಷ್ಟಾಯಿತು, ಬೋರ್‌ವೆಲ್ ಸಾಲ ಎಷ್ಟಿದೆ, ಮಂಡಿಯಲ್ಲಿ ಕಮಿಷನ್ ಎಷ್ಟು ಹಿಡಿಯುತ್ತಾರೆ, ಎಲ್ಲ.

ರಾತ್ರಿ ಟಿ.ವಿ.ಯಲ್ಲಿ ಬಂತು. ಟೊಮೆಟೊ ನಿಧಾನಗತಿಯಲ್ಲಿ ಉರುಳುತ್ತಿವೆ, ಹಿಂದೆ ಕೊಳಲಿನ ದುಃಖದ ರಾಗ. ಮಾವನ ಮಾತು ಒಂದೇ ಒಂದು: "ನಮ್ಮ ಕಷ್ಟ ಯಾರಿಗೆ ಹೇಳೋಣ." ಒಟ್ಟು ಹದಿನೈದು ಸೆಕೆಂಡ್ ಇರಬಹುದು.

ಇದರಲ್ಲಿ ಸುಳ್ಳು ಯಾವುದು? ನಷ್ಟ ನಿಜ, ಟೊಮೆಟೊ ನಿಜ, ಆ ಮಾತು ಮಾವನದೇ. ಆದರೆ ಹತ್ತು ನಿಮಿಷ ಲೆಕ್ಕ ಒಪ್ಪಿಸಿದ ಮನುಷ್ಯ ಪರದೆಯ ಮೇಲೆ ಬರೀ ಅಳುವ ಮನುಷ್ಯನಾಗಿಬಿಟ್ಟ. ಕಾರಣಗಳನ್ನು ಹೇಳಿದ್ದ, ಕಾಣಿಸಿದ್ದು ಕಣ್ಣೀರು. ನೋಡಿದವರಿಗೆ ಅಯ್ಯೋ ಪಾಪ ಅನಿಸಿತು. ಕಮಿಷನ್ ಎಷ್ಟು ಎಂದು ಕೇಳಬೇಕು ಅಂತ ಯಾರಿಗೂ ಅನಿಸಲಿಲ್ಲ. ಅರ್ಥ ಕಟ್ಟುವುದು ಎಂದರೆ ಇದು. ಏನನ್ನು ಇಟ್ಟರು, ಏನನ್ನು ಕತ್ತರಿಸಿದರು, ಕೆಳಗೆ ಯಾವ ಸಂಗೀತ ಹಾಸಿದರು, ಕೊನೆಗೆ ಯಾವ ಭಾವನೆಯ ಜೊತೆ ನಮ್ಮನ್ನು ಬಿಟ್ಟರು.

ಆ ವರದಿಗಾರನ ಮೇಲೆ ನನಗೆ ಸಿಟ್ಟಿಲ್ಲ. ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುವ ಎಷ್ಟೋ ಸ್ಟ್ರಿಂಗರ್‌ಗಳಿಗೆ ಸಂಬಳವಿಲ್ಲ, ಪ್ರಸಾರವಾದ ಸುದ್ದಿಗೆ ಇಷ್ಟು ಎಂದು ಕಾಸು. ಬೆಂಗಳೂರಿನ ಡೆಸ್ಕ್‌ನವರು "ವಿಶುವಲ್ ಏನಿದೆ?" ಎಂದೇ ಮೊದಲು ಕೇಳುವುದು. ಲೆಕ್ಕಕ್ಕೆ ವಿಶುವಲ್ ಇಲ್ಲ, ಸುರಿಯುವ ಟೊಮೆಟೊಗೆ ಇದೆ.

ಒಂದು ವರದಿಯನ್ನು ಬಿಡಿಸಿ ನೋಡಲು ಎಲ್ಲಿಂದ ಶುರು ಮಾಡಬೇಕು?

ಪದದಿಂದ. ಕ್ಯಾಮೆರಾ, ಸಂಗೀತ ಎಲ್ಲ ಆಮೇಲೆ.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರನ್ನು ಶುದ್ಧೀಕರಣ ಘಟಕದಲ್ಲಿ ಎರಡು ಹಂತ ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಎಲ್ಲರಿಗೂ ಗೊತ್ತು. 126 ಕೆರೆ ತುಂಬಿಸುವುದು ಮೊದಲ ಹಂತದ ಗುರಿ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಕುಡಿಯಲು ಅಲ್ಲ, ಅಂತರ್ಜಲ ಏರಿಸಲು. ಮುಂದಿನ ತಿಂಗಳೇ ನೀರಿನಲ್ಲಿ ನೊರೆ ಕಂಡು ಗಲಾಟೆಯಾಯಿತು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಮೂರನೇ ಹಂತದ ಸಂಸ್ಕರಣೆ ಆಗಲೇಬೇಕೆಂದು ನೀರಾವರಿ ಹೋರಾಟಗಾರರು ಇವತ್ತಿಗೂ ಕೇಳುತ್ತಿದ್ದಾರೆ.

ಈ ಒಂದೇ ನೀರಿಗೆ ಎಷ್ಟು ಹೆಸರು, ನೋಡಿ: ಕೆ.ಸಿ. ವ್ಯಾಲಿ ನೀರು, ಸಂಸ್ಕರಿಸಿದ ನೀರು, ತ್ಯಾಜ್ಯ ನೀರು, ಕೊಳಚೆ ನೀರು, ಬೆಂಗಳೂರಿನ ಚರಂಡಿ ನೀರು. 'ಸಂಸ್ಕರಿಸಿದ' ಎಂದು ಬರೆದವರು ಘಟಕದ ಕಡೆ ನಿಂತಿದ್ದಾರೆ. 'ಕೊಳಚೆ' ಎಂದು ಬರೆದವರು ನೊರೆ ಎದ್ದ ಕಾಲುವೆಯ ದಡದಲ್ಲಿ ನಿಂತಿದ್ದಾರೆ. ಕೆರೆ ತುಂಬಿ, ಬತ್ತಿದ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಕಂಡ ರೈತ ಬಳಸುವುದು ಬರೀ 'ನೀರು' ಎಂಬ ಪದ. ಯಾವ ಪದವೂ ಪೂರ್ತಿ ಸುಳ್ಳಲ್ಲ, ಯಾವ ಪದವೂ ಪಕ್ಷ ಹಿಡಿಯದೆ ಉಳಿದಿಲ್ಲ.

ಹೀಗೇ ಕ್ರಿಯಾಪದ ನೋಡಿ. 'ಮನವಿ ಸಲ್ಲಿಸಿದರು', 'ಮುತ್ತಿಗೆ ಹಾಕಿದರು', 'ದಾಂದಲೆ ನಡೆಸಿದರು'. ಮೂರಕ್ಕೂ ಒಂದೇ ಪ್ರತಿಭಟನೆ ಮೂಲವಾಗಿರಬಹುದು. ಕರ್ತೃ ಎಲ್ಲಿ ಹೋದ ಎಂದೂ ಹುಡುಕಿ. 'ಮರಗಳನ್ನು ಕಡಿಯಲಾಗಿದೆ' ಎಂಬ ವಾಕ್ಯದಲ್ಲಿ ಕಡಿದವರು ಮಾಯವಾಗಿದ್ದಾರೆ. ಕನ್ನಡದ ಈ 'ಲಾಗಿದೆ' ಪ್ರಯೋಗ ಸರ್ಕಾರಿ ಪ್ರಕಟಣೆಯಿಂದ ನೇರ ಪತ್ರಿಕೆಗೆ ನುಗ್ಗಿದೆ. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ಸೋಮವಾರ ಜಿಲ್ಲಾ ಪುಟದಲ್ಲಿ ಅದನ್ನು ಕೆಂಪು ಪೆನ್ನಿನಲ್ಲಿ ಸುತ್ತುವ ಕೆಲಸ ಕೊಡುತ್ತೇನೆ. ಒಂದು ವಾರ ಮಾಡಿದರೆ ಸಾಕು, ಆಮೇಲೆ ಕಣ್ಣಿಗೆ ತಾನಾಗಿ ಬೀಳುತ್ತದೆ.

ಪದ ಬಿಡಿ, ಫೋಟೊ ಇದ್ದದ್ದನ್ನೇ ತೋರಿಸುತ್ತಲ್ಲವೇ?

ಇದ್ದದ್ದರಲ್ಲಿ ಒಂದು ಆಯತವನ್ನು ತೋರಿಸುತ್ತದೆ.

ಒಂದು ಶನಿವಾರ ಮಕ್ಕಳನ್ನು ಕೋಲಾರಮ್ಮನ ಕೆರೆಗೆ ಕರೆದುಕೊಂಡು ಹೋದೆ. ಅರ್ಧ ಜನ 'ಕೆರೆ ಹಾಳಾಗಿದೆ' ಎನ್ನುವ ಫೋಟೊ ತೆಗೆಯಬೇಕು, ಇನ್ನರ್ಧ 'ಕೆರೆ ಚೆಂದ' ಎನ್ನುವ ಫೋಟೊ. ಎಲ್ಲರಿಗೂ ಅದೇ ಹದಿನೈದು ನಿಮಿಷ. ಮೊದಲ ಗುಂಪು ಕುಕ್ಕರಗಾಲಲ್ಲಿ ಕೂತು, ದಡದ ಪ್ಲಾಸ್ಟಿಕ್ ಕವರಿಗೆ ಮೊಬೈಲ್ ಅಂಟಿಸುವಷ್ಟು ಹತ್ತಿರ ಹಿಡಿದು ತೆಗೆಯಿತು. ಫೋಟೊದಲ್ಲಿ ಕವರು ಕೆರೆಗಿಂತ ದೊಡ್ಡದು. ಎರಡನೆಯ ಗುಂಪು ಏರಿಯ ಮೇಲೆ ನಿಂತು ಫೋನನ್ನು ತಲೆಯ ಮೇಲೆ ಎತ್ತಿ, ಕೆಳಗಿನ ದಡ ಬಿಟ್ಟು, ನೀರು, ಬೆಟ್ಟ, ಆಕಾಶ ಮಾತ್ರ ಹಿಡಿಯಿತು. ಎರಡು ಗುಂಪಿನ ನಡುವೆ ಇಪ್ಪತ್ತು ಹೆಜ್ಜೆ ದೂರವೂ ಇರಲಿಲ್ಲ. ತರಗತಿಗೆ ಬಂದು ಎರಡನ್ನೂ ಪಕ್ಕಪಕ್ಕ ಇಟ್ಟಾಗ ಒಬ್ಬ ಹುಡುಗಿ, "ಮೇಡಂ, ಇವೆರಡೂ ಒಂದೇ ಕೆರೆ ಅಂತ ನಮ್ಮಮ್ಮ ನಂಬಲ್ಲ" ಅಂದಳು.

ಬರ ಬಂದ ವರ್ಷಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎಂದರೆ ಪತ್ರಿಕೆಗಳಲ್ಲಿ ಒಂದೇ ಚಿತ್ರ. ಬಿರುಕು ಬಿಟ್ಟ ಕೆರೆಯಂಗಳ, ಖಾಲಿ ಕೊಡ ಹೊತ್ತ ಹೆಂಗಸು, ಹಿಂದೆ ಬಿಸಿಲು. ಫ್ರಾನ್ಸಿನ ಚಿಂತಕ ರೊಲಾಂ ಬಾರ್ತ್ 1950ರ ದಶಕದಲ್ಲೇ ತೋರಿಸಿಕೊಟ್ಟಂತೆ, ಚಿತ್ರಕ್ಕೆ ಎರಡು ಪದರ. ಮೇಲಿನ ಪದರದಲ್ಲಿ ಒಬ್ಬ ಹೆಂಗಸು, ಒಂದು ಕೊಡ. ಒಳಪದರದಲ್ಲಿ 'ಇದು ನತದೃಷ್ಟ ನೆಲ, ಇಲ್ಲಿ ನೀರಿಲ್ಲದಿರುವುದು ಸಹಜ' ಎನ್ನುವ ಮಾತು. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು, ಒತ್ತುವರಿಯಾದ ರಾಜಕಾಲುವೆ, ಹೂಳು ತುಂಬಿದ ಕೆರೆಗಳ ಸರಪಳಿ, ಇವೆಲ್ಲ ಮನುಷ್ಯರು ಮಾಡಿದ್ದು. ಬಿರುಕು ಬಿಟ್ಟ ಮಣ್ಣಿನ ಫೋಟೊ ನೋಡಿದಾಗ ಅದನ್ನು ದೇವರು ಮಾಡಿದ್ದು ಎನಿಸುತ್ತದೆ. ಚಿತ್ರ ಹೀಗೆ ಇತಿಹಾಸವನ್ನು ಅಳಿಸಿ ಹಣೆಬರಹವನ್ನಾಗಿಸುತ್ತದೆ. ಜಿಲ್ಲೆಯವಳಾಗಿ ನನಗೆ ಇದು ನೋವಿನ ವಿಷಯ.

ಫೋಟೊದ ಕೆಳಗಿನ ಅಡಿಬರಹ ಮುಚ್ಚಿ ಮೊದಲು ಚಿತ್ರ ನೋಡಿ, ಆಮೇಲೆ ಓದಿ. ಅರ್ಥ ಯಾವ ಕಡೆಗೆ ವಾಲಿತು ಎಂದು ತಿಳಿಯುತ್ತದೆ.

ಟಿ.ವಿ.ಯಲ್ಲಿ ಎಡಿಟಿಂಗ್, ಸಂಗೀತ ಇವುಗಳ ಪಾತ್ರ ಏನು?

ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ನೂರು ವರ್ಷದ ಹಿಂದೆ ಮಾಡಿದ ಪ್ರಯೋಗ ಸಿನಿಮಾ ಪಾಠಗಳಲ್ಲಿ ಪ್ರಸಿದ್ಧ. ಒಬ್ಬ ನಟನ ಭಾವವಿಲ್ಲದ ಮುಖ. ಅದರ ಪಕ್ಕ ಸೂಪಿನ ಬಟ್ಟಲು ಜೋಡಿಸಿದರೆ ನೋಡುವವರಿಗೆ ಮುಖದಲ್ಲಿ ಹಸಿವು ಕಂಡಿತು, ಶವಪೆಟ್ಟಿಗೆ ಜೋಡಿಸಿದರೆ ಶೋಕ ಕಂಡಿತು. ಮುಖ ಅದೇ. ಅರ್ಥ ಇರುವುದು ಎರಡು ಶಾಟ್‌ಗಳ ನಡುವಿನ ಸಂದಿಯಲ್ಲಿ. ಚುನಾವಣೆ ಸಮಯದಲ್ಲಿ ಒಬ್ಬ ನಾಯಕನ ಭಾಷಣ, ತಕ್ಷಣ ಸಭಿಕರಲ್ಲಿ ಆಕಳಿಸುವ ಒಬ್ಬ ಮುದುಕ. ಆ ಆಕಳಿಕೆ ಯಾವಾಗಿನದು ಎಂದು ನಮಗೆ ಹೇಗೆ ಗೊತ್ತು?

ಸಂಗೀತದ ವಿಷಯದಲ್ಲಿ ನಮ್ಮ ಅಜ್ಜಿ ಕಲಿಸಿದ ಪಾಠವೊಂದಿದೆ. ಅಜ್ಜಿ ಸಂಜೆ ಹೂ ಕಟ್ಟುತ್ತ ಧಾರಾವಾಹಿ 'ನೋಡುತ್ತಿದ್ದರು'. ಕಣ್ಣು ಹೂವಿನ ಮೇಲೆ, ಕಿವಿ ಟಿ.ವಿ. ಕಡೆ. ಢಂ ಎಂದು ಸದ್ದಾದಾಗ ಮಾತ್ರ ತಲೆ ಎತ್ತುತ್ತಿದ್ದರು. ಧಾರಾವಾಹಿಗಳು ಯಾಕೆ ಅಷ್ಟು ಸದ್ದು ಮಾಡುತ್ತವೆ, ಒಂದೇ ಮುಖಕ್ಕೆ ಯಾಕೆ ಮೂರು ಸಲ ಜೂಮ್ ಮಾಡುತ್ತಾರೆ ಎಂದು ಗೇಲಿ ಮಾಡುವವರಿದ್ದಾರೆ. ಅವು ಕೆಲಸ ಮಾಡುತ್ತ ನೋಡುವ ಹೆಂಗಸರಿಗಾಗಿ, ಒಗ್ಗರಣೆಯ ಸದ್ದಿನ ನಡುವೆ ಕೇಳಿಸಲಿ ಎಂದು ಕಟ್ಟಿದ ವ್ಯಾಕರಣ. ನೋಡುಗರ ಮನೆ ಹೇಗಿದೆಯೋ ಕಾರ್ಯಕ್ರಮವೂ ಹಾಗೆ. ತೊಂದರೆ ಶುರುವಾಗುವುದು ಅದೇ ಢಂ, ಅದೇ ಮೂರು ಜೂಮ್ ಸುದ್ದಿಗೆ ಬಂದಾಗ.

2006ರ ಜುಲೈನಲ್ಲಿ ಹರಿಯಾಣದ ಕುರುಕ್ಷೇತ್ರ ಜಿಲ್ಲೆಯಲ್ಲಿ ಐದು ವರ್ಷದ ಹುಡುಗನೊಬ್ಬ ಕೊಳವೆಬಾವಿಗೆ ಬಿದ್ದ. ಸುಮಾರು 50 ಗಂಟೆಗಳ ಬಳಿಕ ಸೇನೆ ಅವನನ್ನು ಜೀವಂತ ಹೊರತೆಗೆಯಿತು. ದೇಶದ ಚಾನೆಲ್‌ಗಳು ಅದನ್ನು ಬಿಡದೆ ನೇರ ಪ್ರಸಾರ ಮಾಡಿದವು. ಆಮೇಲೆ ಇಂಥ ದುರಂತ ಎಲ್ಲಿ ನಡೆದರೂ ಅದೇ ಅಚ್ಚು: ಮೂಲೆಯಲ್ಲಿ ಗಡಿಯಾರ, ಬಾವಿಯ ಗ್ರಾಫಿಕ್ಸ್, ಹರಕೆ ಹೊರುವ ಜನ, ತಾಯಿಯ ಮುಖ. ಮಗು ಉಳಿಯಲಿ ಎಂದು ನಾವೆಲ್ಲ ಬೇಡಿಕೊಂಡವರೇ. ಆದರೆ ಈ ಕತೆ ಶುರುವಾಗುವುದು ಮಗು ಬಿದ್ದ ಕ್ಷಣದಿಂದ. ನೀರು ಸಿಗದ ಬೋರ್‌ವೆಲ್ ಬಾಯಿ ತೆರೆದುಕೊಂಡು ಬಿದ್ದಿದ್ದ ದಿನಗಳೆಲ್ಲ ಅದರ ಹೊರಗೆ. ಕೊರೆಯುವ ಜಾಗಕ್ಕೆ ಬೇಲಿ ಹಾಕಬೇಕು, ಕೇಸಿಂಗ್ ಪೈಪಿಗೆ ಮುಚ್ಚಳ ಬೆಸೆಯಬೇಕು, ಬಿಟ್ಟ ಬೋರ್‌ವೆಲ್ ತುಂಬಿಸಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಊರಿಗೆ ನೂರಾರು ವಿಫಲ ಬೋರ್‌ವೆಲ್ ಇರುವ ನಮ್ಮಂಥ ಜಿಲ್ಲೆಗೆ ಇದಕ್ಕಿಂತ ಮುಖ್ಯ ಸುದ್ದಿ ಬೇಕೇ? ಆದರೆ ಮುಚ್ಚಿದ ಬೋರ್‌ವೆಲ್‌ಗೆ ನೇರ ಪ್ರಸಾರ ಇಲ್ಲ.

ನೋಡುವವರು ತೋರಿಸಿದ್ದನ್ನೆಲ್ಲ ನುಂಗುತ್ತಾರೆಯೇ?

ಇಲ್ಲ, ಮತ್ತು ಈ ಶಾಸ್ತ್ರದಲ್ಲಿ ನನಗೆ ಅತಿ ಇಷ್ಟದ ಭಾಗ ಇದೇ. ಜಮೈಕಾದಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಕೆಲಸ ಮಾಡಿದ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿ ಹೇಳಿದ್ದು ಇಷ್ಟು. ಕಳಿಸುವವರು ಒಂದು ಅರ್ಥ ಕಟ್ಟಿ ಕಳಿಸುತ್ತಾರೆ, ಪಡೆಯುವವರು ತಮ್ಮ ಬದುಕಿನಿಂದ ಅದನ್ನು ಬಿಚ್ಚುತ್ತಾರೆ. ಬಿಚ್ಚುವುದರಲ್ಲಿ ಮೂರು ಬಗೆ. ಹೇಳಿದ್ದನ್ನು ಹಾಗೆಯೇ ಒಪ್ಪುವುದು, ಸ್ವಲ್ಪ ಒಪ್ಪಿ ಸ್ವಲ್ಪ ತಿದ್ದಿಕೊಳ್ಳುವುದು, ಪೂರ್ತಿ ತಿರುಗಿಸಿ ಓದುವುದು. ಡೇವಿಡ್ ಮಾರ್ಲಿ ಎಂಬ ಸಂಶೋಧಕರು ಬ್ರಿಟನ್ನಿನ ಒಂದೇ ಟಿ.ವಿ. ಕಾರ್ಯಕ್ರಮವನ್ನು ಬ್ಯಾಂಕ್ ಮ್ಯಾನೇಜರುಗಳು, ಕಾರ್ಮಿಕ ಸಂಘದವರು, ವಿದ್ಯಾರ್ಥಿಗಳು ಹೀಗೆ ಬೇರೆಬೇರೆ ಗುಂಪಿಗೆ ತೋರಿಸಿ ಮಾತಾಡಿಸಿದರು. 1980ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಗುಂಪು ಗುಂಪಿಗೂ ಓದು ಬೇರೆಯಾಗಿತ್ತು.

'ಟೊಮೆಟೊ ದುಬಾರಿ' ಸುದ್ದಿ ಬರುತ್ತಿದ್ದಾಗ ನಮ್ಮ ಊರ ಹೋಟೆಲಿನಲ್ಲಿ ಕೂತಿದ್ದ ರೈತರೊಬ್ಬರು ಟಿ.ವಿ.ಗೇ ಉತ್ತರ ಕೊಟ್ಟರು: "ಎರಡ್ರೂಪಾಯಿಗೆ ಮಾರ್ದಾಗ ಯಾವನಮ್ಮ ಬಂದಿದ್ದ ಕೇಳಕ್ಕೆ?" ಸ್ಟುವರ್ಟ್ ಹಾಲ್ ಹೇಳಿದ ಮೂರನೆಯ ಬಗೆ ಅದು.

ನಮ್ಮ ಗಡಿ ಭಾಗಕ್ಕೆ ಇನ್ನೊಂದು ಅನುಕೂಲವೂ ಇದೆ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆ ಕನ್ನಡ, ರಿಮೋಟಿನಲ್ಲಿ ಎರಡೂ. ಬಂಗಾಳಕೊಲ್ಲಿಯಲ್ಲಿ ನವೆಂಬರಿನ ವಾಯುಭಾರ ಕುಸಿತವಾದರೆ ಕನ್ನಡ ಚಾನೆಲ್ ಬೆಂಗಳೂರಿನ ಅಂಡರ್‌ಪಾಸ್ ತೋರಿಸುತ್ತದೆ, ತೆಲುಗು ಚಾನೆಲ್ ನೆಲ್ಲೂರು, ತಿರುಪತಿ ತೋರಿಸುತ್ತದೆ. ಮುಳಬಾಗಿಲಿನ ರೈತನಿಗೆ ಮಳೆ ಬರುವುದು ಆ ಕಡೆಯಿಂದ. ಅವನು ತೆಲುಗು ಚಾನೆಲ್ ನೋಡಿ ರಾಗಿ ತೆನೆ ಕುಯ್ಯುವ ದಿನ ನಿರ್ಧರಿಸುತ್ತಾನೆ. ಒಂದೇ ಮೋಡಕ್ಕೆ ಎರಡು ಕ್ಯಾಮೆರಾ ಎನ್ನುವುದು ಅವನಿಗೆ ಕಾಲೇಜಿಗೆ ಬರದೆಯೇ ಗೊತ್ತು.

ಯಾವುದು ಸುದ್ದಿ ಎಂದು ನಿರ್ಧರಿಸುವವರು ಯಾರು?

1968ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಮ್ಯಾಕ್‌ಕೂಂಬ್ಸ್ ಮತ್ತು ಶಾ ಎಂಬ ಇಬ್ಬರು ಸಂಶೋಧಕರು ಚಾಪೆಲ್ ಹಿಲ್ ಎಂಬ ಊರಿನಲ್ಲಿ, ಇನ್ನೂ ಯಾರಿಗೆ ಮತ ಹಾಕಬೇಕೆಂದು ತೀರ್ಮಾನಿಸದ 100 ಮತದಾರರನ್ನು ಮಾತಾಡಿಸಿದರು. ಮಾಧ್ಯಮ ಯಾವ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿತ್ತೋ ಜನರಿಗೂ ಅದೇ ಮುಖ್ಯ ಎನಿಸಿತ್ತು. 1972ರಲ್ಲಿ ಪ್ರಕಟವಾದ ಈ ವಿಚಾರಕ್ಕೆ ಕಾರ್ಯಸೂಚಿ ನಿಗದಿ ಎನ್ನುತ್ತೇವೆ. ಏನು ಯೋಚಿಸಬೇಕು ಎನ್ನುವುದಕ್ಕಿಂತ ಯಾವುದರ ಬಗ್ಗೆ ಯೋಚಿಸಬೇಕು ಎನ್ನುವುದನ್ನು ಮಾಧ್ಯಮ ಹೆಚ್ಚು ಬಲವಾಗಿ ನಿರ್ಧರಿಸುತ್ತದೆ.

ಇದನ್ನು ಇಲ್ಲಿಗೆ ತನ್ನಿ. ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ಪ್ರತಿದಿನ ಬೆಳಗಿನ ಜಾವ ಸಾವಿರಾರು ಜನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳ ಅನ್ನ ಈ ರೈಲಿನಲ್ಲಿದೆ. ಇದು ದಿನವೂ ನಡೆಯುತ್ತದೆ, ಅದಕ್ಕೇ ಸುದ್ದಿಯಲ್ಲ. ರೈಲು ತಡವಾಗಿ ಪ್ರಯಾಣಿಕರು ಹಳಿಯ ಮೇಲೆ ಕೂತರೆ ಸುದ್ದಿ. ನಾರ್ವೆಯ ಸಂಶೋಧಕರಾದ ಗಾಲ್ಟುಂಗ್ ಮತ್ತು ರೂಗೆ 1965ರಲ್ಲೇ ಇದನ್ನು ಪಟ್ಟಿ ಮಾಡಿದ್ದರು. ಅಚಾನಕ್ ನಡೆದದ್ದು, ಕೆಟ್ಟದ್ದು, ದೊಡ್ಡವರಿಗೆ ಸಂಬಂಧಿಸಿದ್ದು ಬೇಗ ಸುದ್ದಿಯಾಗುತ್ತದೆ, ನಿಧಾನವಾಗಿ ನಡೆಯುವುದು ಆಗುವುದಿಲ್ಲ.

ಜಿಲ್ಲಾ ಪುಟದ ಬಗ್ಗೆಯೂ ಒಂದು ಮಾತು. ಅದು ಬಂದ ಮೇಲೆ ನಮ್ಮ ಹಳ್ಳಿಗಳ ಹೆಸರು ಪತ್ರಿಕೆಯಲ್ಲಿ ಕಾಣತೊಡಗಿತು, ಅದು ಲಾಭ. ಆದರೆ ಶಿಡ್ಲಘಟ್ಟದ ರೇಷ್ಮೆಗೂಡಿನ ಬೆಲೆ ಕುಸಿತ ಆ ಪುಟದಲ್ಲೇ ಉಳಿದರೆ ಕಲಬುರಗಿಯ ಓದುಗರಿಗೆ, ಮಂಗಳೂರಿನ ಓದುಗರಿಗೆ ಅದು ನಡೆದೇ ಇಲ್ಲ. ಮುಖಪುಟ ಬೆಂಗಳೂರಿನದು, ಒಳಪುಟ ನಮ್ಮದು.

ನಮ್ಮ ಅಮ್ಮ ದಿನವೂ ಕ್ರೈಂ ಕಾರ್ಯಕ್ರಮ ನೋಡಿ, ಹೊರಗೆ ಹೋಗಬೇಡ ಎನ್ನುತ್ತಾರೆ. ಏನು ಮಾಡಲಿ?

ಹೆಚ್ಚು ಹೊತ್ತು ಟಿ.ವಿ. ನೋಡುವವರಿಗೆ ಲೋಕ ಇರುವುದಕ್ಕಿಂತ ಭಯಾನಕವಾಗಿ ಕಾಣುತ್ತದೆ ಎಂದು ಮಾಧ್ಯಮ ಸಂಶೋಧಕ ಜಾರ್ಜ್ ಗೆರ್ಬ್ನರ್ ವಾದಿಸಿದ್ದರು. ಅಮ್ಮನ ಜೊತೆ ವಾದ ಬೇಡ. ಪಕ್ಕದಲ್ಲಿ ಕೂತು ಒಂದು ಕಂತು ಪೂರ್ತಿ ನೋಡಿ, ಅದರಲ್ಲಿ ಎಷ್ಟು ಭಾಗ ನಟರಿಂದ ಮರುಸೃಷ್ಟಿ ಮಾಡಿದ್ದು ಎಂದು ಇಬ್ಬರೂ ಸೇರಿ ಎಣಿಸಿ.

ಟಿಆರ್‌ಪಿ ನಿಜಕ್ಕೂ ಅಷ್ಟೊಂದು ಮುಖ್ಯವೇ?

ಹೌದು. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆ ಎನ್ನುವ ಅಳತೆ ಅದು, ಜಾಹೀರಾತಿನ ದರ ನಿಲ್ಲುವುದು ಅದರ ಮೇಲೆ. ಅಳೆಯುವುದು ಬಾರ್ಕ್ ಎಂಬ ಸಂಸ್ಥೆ. ದೇಶದಲ್ಲಿ ಟಿ.ವಿ. ಇರುವ ಮನೆಗಳು 20 ಕೋಟಿಗೂ ಹೆಚ್ಚು, 2025ರ ಹೊತ್ತಿಗೆ ಮೀಟರ್ ಕೂರಿಸಿದ್ದದ್ದು ಸುಮಾರು 58 ಸಾವಿರ ಮನೆಗಳಲ್ಲಿ. ಚಾನೆಲ್‌ನ ಧ್ವನಿಯೊಳಗೆ ಕಿವಿಗೆ ಕೇಳಿಸದ ಗುರುತೊಂದನ್ನು ಬೆರೆಸಿರುತ್ತಾರೆ, ಮೀಟರ್ ಅದನ್ನು ಹಿಡಿದು ದಾಖಲಿಸುತ್ತದೆ. 2020ರಲ್ಲಿ ರೇಟಿಂಗ್ ತಿದ್ದಿದ ಆರೋಪ ಮುಂಬೈಯಲ್ಲಿ ಕೇಳಿಬಂದ ಮೇಲೆ ಸುದ್ದಿ ಚಾನೆಲ್‌ಗಳ ರೇಟಿಂಗನ್ನು ನಿಲ್ಲಿಸಿ, 2022ರ ಮಾರ್ಚಿನಲ್ಲಿ ನಾಲ್ಕು ವಾರಗಳ ಸರಾಸರಿಯಾಗಿ ಮತ್ತೆ ಶುರು ಮಾಡಿದರು.

ಮೀಟರ್‌ಗೆ ಗೊತ್ತಾಗುವುದು ಯಾವ ಚಾನೆಲ್ ಹಾಕಿದ್ದರು, ಯಾರು ನೋಡುತ್ತಿದ್ದರು ಎನ್ನುವುದು ಮಾತ್ರ. ಸಿಟ್ಟಿನಿಂದ ನೋಡಿದರೋ ಪ್ರೀತಿಯಿಂದ ನೋಡಿದರೋ ತಿಳಿಯದು. ಬೈದುಕೊಂಡು ನೋಡಿದರೂ ಅದು ನೋಡಿದ ಲೆಕ್ಕವೇ.

ಸುದ್ದಿ ಯಾವುದು, ಜಾಹೀರಾತು ಯಾವುದು ಎಂದು ಗುರುತಿಸುವುದು ಹೇಗೆ?

ಅಕ್ಷರದ ಅಚ್ಚು ನೋಡಿ, ಮೊದಲು. ಸುದ್ದಿಯ ಪುಟದ ಉಳಿದ ಅಕ್ಷರಕ್ಕಿಂತ ಫಾಂಟ್ ಸ್ವಲ್ಪ ಬೇರೆಯಿದ್ದರೆ ಮೂಲೆಯಲ್ಲಿ ಸಣ್ಣಗೆ 'ಜಾಹೀರಾತು' ಎಂದಿದೆಯೇ ಹುಡುಕಿ. ಬೈಲೈನ್ (ಬರೆದವರ ಹೆಸರು) ಇಲ್ಲದ, ಒಂದೂ ಪ್ರಶ್ನೆ ಕೇಳದ, ಆಸ್ಪತ್ರೆ ಅಥವಾ ಬಡಾವಣೆಯ ಹೊಗಳಿಕೆಯೇ ತುಂಬಿದ ಅರ್ಧ ಪುಟದ ಬಗ್ಗೆ ಎಚ್ಚರ ಇರಲಿ. ಒಂದೇ ಬರಹ ಎರಡು ಪತ್ರಿಕೆಗಳಲ್ಲಿ ಅಕ್ಷರಶಃ ಒಂದೇ ಆಗಿದ್ದರೆ ಅದು ಆ ಪತ್ರಿಕೆಗಳ ವರದಿಗಾರರು ಬರೆದದ್ದಲ್ಲ.

ಚುನಾವಣೆಯಲ್ಲಿ ಇದು ಹಣದ ಪ್ರಶ್ನೆ. 2010ರಲ್ಲಿ ಭಾರತೀಯ ಪತ್ರಿಕಾ ಮಂಡಳಿ ಕಾಸಿಗಾಗಿ ಸುದ್ದಿಯ ಬಗ್ಗೆ ವರದಿಯನ್ನೇ ತಂದಿತು. ಈಗ ಪ್ರತಿ ಚುನಾವಣೆಯಲ್ಲೂ ಜಿಲ್ಲೆಗೊಂದು ಮಾಧ್ಯಮ ದೃಢೀಕರಣ ಮತ್ತು ನಿಗಾ ಸಮಿತಿ ಇರುತ್ತದೆ. ಸುದ್ದಿಯ ವೇಷದ ಜಾಹೀರಾತು ಎಂದು ಖಚಿತವಾದರೆ ಅದನ್ನು ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತಾರೆ. ಪತ್ರಿಕೆಯ ತುಣುಕು ಸಮೇತ ನೀವೂ ದೂರು ಕೊಡಬಹುದು.

ತಪ್ಪು ಅಥವಾ ಅವಮಾನಕರ ಸುದ್ದಿ ಬಂದರೆ ಎಲ್ಲಿಗೆ ದೂರು ಕೊಡಬೇಕು?

ಪತ್ರಿಕೆಯಾದರೆ ಮೊದಲು ಸಂಪಾದಕರಿಗೆ ಬರೆಯಿರಿ, ಪ್ರತಿ ಇಟ್ಟುಕೊಳ್ಳಿ. ಸಂಪಾದಕ, ಮುದ್ರಕ, ಪ್ರಕಾಶಕರ ಹೆಸರು ಪತ್ರಿಕೆಯಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ಸರಿಪಡಿಸದಿದ್ದರೆ ದೆಹಲಿಯ ಪತ್ರಿಕಾ ಮಂಡಳಿಗೆ ಹೋಗಬಹುದು. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ, ಉಳಿದವಕ್ಕೆ ನಾಲ್ಕು ತಿಂಗಳೊಳಗೆ. ಮಂಡಳಿ ಎಚ್ಚರಿಸಬಹುದು, ಖಂಡಿಸಬಹುದು, ದಂಡ ಹಾಕುವ ಅಧಿಕಾರ ಇಲ್ಲ.

ಟಿ.ವಿ.ಗೆ 2021ರ ಕೇಬಲ್ ಟಿ.ವಿ. ನಿಯಮಗಳಲ್ಲಿ ಮೂರು ಮೆಟ್ಟಿಲಿದೆ. ಮೊದಲು ಚಾನೆಲ್‌ಗೆ, ಅವರು 15 ದಿನದೊಳಗೆ ಉತ್ತರಿಸಬೇಕು. ಒಪ್ಪಿಗೆಯಾಗದಿದ್ದರೆ ಚಾನೆಲ್‌ಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ, ಅದರ ಮೇಲೆ ಕೇಂದ್ರ ಸರ್ಕಾರದ ಮಟ್ಟಕ್ಕೆ. ಪ್ರಸಾರವಾದ ದಿನ, ಹೊತ್ತು, ಕಾರ್ಯಕ್ರಮದ ಹೆಸರು ಬರೆದಿಟ್ಟುಕೊಳ್ಳದಿದ್ದರೆ ದೂರು ನಿಲ್ಲುವುದಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಬಯಲು ಮಾಡುವುದು ಪೋಕ್ಸೊ ಕಾಯ್ದೆಯಡಿ ಅಪರಾಧ. ಹೆಸರು ಬಿಟ್ಟು ಊರು, ಶಾಲೆ, ಅಪ್ಪನ ಕೆಲಸ ಹೇಳಿದರೂ ಗುರುತು ಬಯಲಾದಂತೆಯೇ. ಸಣ್ಣ ಊರುಗಳಲ್ಲಂತೂ.

ಪ್ರಾಜೆಕ್ಟ್‌ಗೆ ಯಾವ ವಿಷಯ ತೆಗೆದುಕೊಳ್ಳಲಿ, ಮೇಡಂ?

ಚಿಕ್ಕದು ತೆಗೆದುಕೊಳ್ಳಿ. 'ಕನ್ನಡ ಟಿ.ವಿ. ವಾಹಿನಿಗಳಲ್ಲಿ ಮಹಿಳೆ' ಎಂದು ಬರೆದು ತಂದರೆ ನಾನು ವಾಪಸ್ ಕಳಿಸುತ್ತೇನೆ. ಎರಡು ಪತ್ರಿಕೆಗಳ ಜಿಲ್ಲಾ ಪುಟ, ಮೂವತ್ತು ದಿನ, ಹೆಂಗಸರು ಫೋಟೊದಲ್ಲಿ ಎಷ್ಟು ಸಲ ಬಂದರು, ಅದರಲ್ಲಿ ಎಷ್ಟು ಸಲ ಅವರ ಮಾತು ಬಂತು. ಇಷ್ಟು ಸಾಕು. ಎಣಿಸಲು ಶುರು ಮಾಡುವ ಮೊದಲೇ ಏನನ್ನು 'ಮಾತು' ಎನ್ನುತ್ತೀರಿ ಎಂದು ಬರೆದಿಟ್ಟುಕೊಳ್ಳಿ. ಕಳೆದ ಸಲ ಒಂದು ಗುಂಪು ಹತ್ತನೆಯ ದಿನ ನಿಯಮ ಬದಲಿಸಿ ಎಲ್ಲವನ್ನೂ ಮೊದಲಿನಿಂದ ಎಣಿಸಬೇಕಾಯಿತು.

ಎಣಿಕೆ ಆದ ಮೇಲೆ ಐದು ಜನ ಓದುಗರನ್ನು ಮಾತಾಡಿಸಿ. ಪುಟದಲ್ಲಿ ನೀವು ಕಂಡ ಅರ್ಥವೇ ಅವರಿಗೂ ಕಂಡಿತು ಎಂದುಕೊಳ್ಳಬೇಡಿ.

ಹೀಗೆ ಎಲ್ಲವನ್ನೂ ಬಗೆದು ನೋಡಿದರೆ ಪೇಪರ್ ಓದುವ ಖುಷಿಯೇ ಹೋಗುವುದಿಲ್ಲವೇ?

ನನಗೆ ಹೋಗಿಲ್ಲ. ಪತ್ರಿಕೆಯನ್ನು ಪ್ರೀತಿಸುವವಳಾಗಿಯೇ ಇದನ್ನೆಲ್ಲ ಹೇಳುತ್ತಿದ್ದೇನೆ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಪತ್ರಕರ್ತರಾಗಿ ಬದುಕಿದವರು, 1913ರಲ್ಲಿ ಸ್ವಂತ ಪತ್ರಿಕೆ ನಡೆಸಲು ಹೊರಟವರು. ಅಂಥ ನೆಲದ ಮಕ್ಕಳಿಗೆ 'ಮಾಧ್ಯಮ ಎಲ್ಲ ಮೋಸ' ಎಂದು ಕಲಿಸಲು ನನಗೆ ಮನಸ್ಸಿಲ್ಲ. ಎಲ್ಲವೂ ಮೋಸ ಎಂದುಕೊಂಡವರು ಪೇಪರ್ ಬಿಟ್ಟು, ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಒಂದು ಪ್ರಶ್ನೆಯೂ ಕೇಳದೆ ನಂಬುವುದನ್ನು ನೋಡಿದ್ದೇನೆ. ಒಳ್ಳೆಯ ವರದಿಯೂ ಒಂದು ಕಡೆ ನಿಂತೇ ನೋಡಿರುತ್ತದೆ. ಎಲ್ಲಿ ನಿಂತಿದ್ದೇನೆ ಎಂದು ಅದು ಮುಚ್ಚಿಡುವುದಿಲ್ಲ, ಆಚೆ ಕಡೆಗೂ ಹೋಗಿ ಬಂದಿರುತ್ತದೆ.

ನಿಮ್ಮ ಮಾವ ಆ ಸುದ್ದಿ ನೋಡಿದರೇ? ಏನಂದರು?

ಪ್ರತಿ ವರ್ಷವೂ ಒಬ್ಬರಾದರೂ ಇದನ್ನು ಕೇಳುತ್ತಾರೆ. ನೋಡಿದರು, ನಾನೂ ಪಕ್ಕದಲ್ಲಿದ್ದೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಮಿಷನ್ ವಿಷ್ಯ ಬರ್ಲಿಲ್ವಲ್ಲಮ್ಮ" ಅಂದರು. ಆಮೇಲೆ, "ಎರಡ್ನೇ ಸಲ ಸುರಿದ ಬಾಕ್ಸು ಚೆನ್ನಾಗಿತ್ತು. ದನಕ್ಕಾದ್ರೂ ಹಾಕೋಣಾಂತ ಇಟ್ಕೊಂಡಿದ್ದೆ" ಅಂದರು.